ಬಾವಿಗೆ ಸುರಿದ ಅಭಿಷೇಕದ ಎಣ್ಣೆ

ಜುಲೈ ೧೪, ಮಂಗಳವಾರ

ಇನ್ನೂ ಮೈ ಉರಿಯುತ್ತಿದೆ. ಊರಿಗೆ ಇರುವುದೇ ಒಂದು ಬಾವಿ. ಮಕ್ಕಳ ಭೇದಿ ನಿಲ್ಲಲೆಂದು ನನ್ನ ಅಣ್ಣನ ಮಗ ಎರಿಫಾಜಿ ಅದಕ್ಕೆ ಅಭಿಷೇಕದ ಎಣ್ಣೆ ಸುರಿದಿದ್ದಾನೆ, ಒಂದು ಡಬ್ಬಿ ಪೂರ್ತಿ! ನೀರಿನ ಮೇಲೆಲ್ಲ ಜಿಡ್ಡು, ನಾತ. ಊಟದ ಮಟೋಕೆ ಬಾಳೆಕಾಯಿ ಬೇಯಿಸಲೂ ಹೆಂಗಸರು ಜೌಗಿನ ಒರತೆಗೆ ಅಲೆಯಬೇಕು.

ನಮ್ಮವರು ಚರ್ಚಿನ ಉಪದೇಶಿ. "ಸುಮ್ನಿರೇ ಕೆಜಿಯಾ. ಮೂಢನಿಗೆ ಉತ್ತರ ಕೊಡಬೇಡ ಅಂತ ಬೈಬಲಲ್ಲಿ ವಾಕ್ಯವೇ ಇದೆ," ಎಂದರು.

"ಅದರ ಕೆಳಗಿನ ಸಾಲಲ್ಲೇ ಕೊಡು ಅಂತಲೂ ಇದೆಯಲ್ರೀ, ಅದನ್ಯಾಕೆ ನುಂಗ್ತೀರಿ?" ಎಂದು ಬಾವಿಕಟ್ಟೆಗೆ ಹೋದೆ. ಎರಿಫಾಜಿ ಅಲ್ಲೇ ನಿಂತಿದ್ದ. ಒಂದು ಸೋರೆಬುರುಡೆ ನೀರು ಸೇದಿ ಅವನ ಮುಂದೆ ಹಿಡಿದೆ.

"ಅಷ್ಟು ನಂಬಿಕೆ ಇದ್ರೆ ಮೊದ್ಲು ನೀನು ಕುಡಿಯೋ!"

ಕಣ್ಣು ಮುಚ್ಚಿ ಸ್ತೋತ್ರ ಹೇಳಿ ಗಟಗಟ ಕುಡಿದೇಬಿಟ್ಟ. ಬಾಯಿ ಒರೆಸಿಕೊಂಡು ನಕ್ಕ. ಥೂ! ಮೋಸಗಾರನಾದರೂ ಆಗಿದ್ದರೆ ಬೈದು ಹಗುರಾಗುತ್ತಿದ್ದೆ.

"ನಾಳೆ ಬಾವಿ ಬರಿದು ಮಾಡ್ಬೇಕು. ಬಕೆಟ್ ಹಿಡ್ಕೊಂಡು ಬಾ," ಎಂದೆ.

"ಬರದೇ ಇರ್ತೀನಾ ಅತ್ತೆ? ಹೊಸ ನೀರು ಬರ್ಲಿ, ಇನ್ನೊಂದು ಡಬ್ಬಿನೂ ತರ್ತೀನಿ."

ಸ್ವಾಮಿ, ಆ ಎರಡು ಸಾಲಿನ ಕೆಳಗೆ ಮೂರನೆಯದೊಂದನ್ನು ಯಾಕೆ ಬರೆಸಲಿಲ್ಲ ನೀನು?