ಮುಚ್ಚಿದ ಗಾಜಿನ ಒಳಗಿಂದ

ಪ್ರಿಯ ಟೀಚರಮ್ಮನವರಿಗೆ,

ಮೊನ್ನೆ ಫೋನನ್ನು ಅರ್ಧಕ್ಕೇ ಇಟ್ಟುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಕನ್ನಡಕ ಮಾಡುವವನು. ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿ ಅಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಿಮ್ಮ ಕಾರನ್ನು ನಾನು ಕೊಂಡದ್ದೇ ಮಸಿಗಾಗಿ. ಮಸಿ ನನ್ನ ನಾಯಿ, ಹೆಸರಿಗೆ ತಕ್ಕ ಕಪ್ಪು. ಹೆಂಡತಿ ಹೋದಮೇಲೆ ಮನೆಯಲ್ಲಿ ನನ್ನ ಮಾತು ಕೇಳುವ ಜೀವ ಅದೊಂದೇ. ಕೀಲಿ ಕೊಡುವಾಗ ನೀವು ಕಾರಿನ ಹತ್ತಿರ ಬರಲಿಲ್ಲ, ಗೇಟಿನಲ್ಲೇ ಮುಖ ತಿರುಗಿಸಿ ನಿಂತಿದ್ದಿರಿ. ಹಳೆಯ ಗಾಡಿಯ ಮೇಲಿನ ಮಮತೆ ಎಂದುಕೊಂಡೆ.

ಮಸಿಯನ್ನು ನಾನು ಮುಂದಿನ ಸೀಟಿನಲ್ಲಿ ಕೂರಿಸುವುದಿಲ್ಲ. ಎದೆಗೆ ಪಟ್ಟಿ ತೊಡಿಸಿ, ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸುತ್ತೇನೆ. ಬ್ರೇಕ್ ಹಾಕಿದರೆ ಮುಗ್ಗರಿಸಬಾರದಲ್ಲ. ತಂಗಿ ನಗುತ್ತಾಳೆ, "ಹೆತ್ತ ಮಗೂನೂ ಯಾರೂ ಇಷ್ಟು ಜೋಪಾನ ಮಾಡಲ್ಲ ಬಿಡೋ" ಅಂತ.

ಮನೆಯಲ್ಲಿ ಸೋಫಾದ ತುಂಬ ಕಾಲು ಚಾಚಿ ಮಲಗುವ ನಾಯಿ, ನಿಮ್ಮ ಕಾರಿನಲ್ಲಿ ಮೊದಲ ದಿನದಿಂದಲೇ ಬಲಗಡೆ ಬಾಗಿಲಿಗೆ ಒತ್ತಿಕೊಂಡು ಕೂತಿತು, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಟ್ಟವರ ಹಾಗೆ. ವಾರ ಕಳೆದ ಮೇಲೆ ಎಡಗಡೆ ಗಾಜಿನ ಒಳಮೈಯಲ್ಲಿ ಒದ್ದೆ ಮೂಗಿನ ಗುರುತು ಕಂಡಿತು. ಒರೆಸಿದೆ. ಮರುದಿನ ಮತ್ತೆ ಇತ್ತು. ಮಸಿಯ ಪಟ್ಟಿ ಅಲ್ಲಿಯವರೆಗೆ ನಿಲುಕುವುದಿಲ್ಲ. ಟೇಪು ಹಿಡಿದು ಅಳೆದಿದ್ದೇನೆ.

ಹೋದ ಮಂಗಳವಾರ ಮಧ್ಯಾಹ್ನ ವಯಸ್ಸಾದ ಗಿರಾಕಿಯೊಬ್ಬರಿಗೆ ಕನ್ನಡಕ ಕೊಡಲು ಹೋದೆ. ಎರಡು ನಿಮಿಷದ ಕೆಲಸ ತಾನೇ ಎಂದು ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಿ, ಗಾಜು ಪೂರ್ತಿ ಏರಿಸಿ, ಮಸಿಯನ್ನು ಒಳಗೇ ಬಿಟ್ಟು ಬೀಗ ಹಾಕಿದೆ. ಅಷ್ಟು ಜೋಪಾನದವನಿಗೆ ಅದೊಂದು ಹೊಳೆಯಲಿಲ್ಲ ನೋಡಿ. ಮಹಡಿಯ ಮೇಲಿನ ಅವರ ಮನೆಯಲ್ಲಿ ನೋಡಿದರೆ ಕನ್ನಡಕದ ಕಡ್ಡಿ ಅವರ ಕಿವಿಗೆ ಒತ್ತುತ್ತಿತ್ತು. ಬಗ್ಗಿಸುತ್ತ ಕೂತೆ. ಮಾತಿಗೆ ಮಾತು ಬೆಳೆಯಿತು.

ಆಗ ಕೆಳಗಿನಿಂದ ಹಾರ್ನ್. ಉದ್ದಕ್ಕೆ. ನಿಂತಿತು. ಮತ್ತೆ ಉದ್ದಕ್ಕೆ. "ಯಾರಪ್ಪಾ ಅದು, ಕೈ ಅಂಟ್ಕೊಂಡಿದ್ಯಾ?" ಎಂದು ಗಿರಾಕಿ ಗೊಣಗಿದರು. ಮೂರನೆಯ ಸಲಕ್ಕೆ ಅದು ನನ್ನದೇ ಕಾರಿನ ದನಿ ಎಂದು ಗುರುತು ಹತ್ತಿತು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ಕಾರಿನ ಸುತ್ತ ನರಪಿಳ್ಳೆಯೂ ಇರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು. ಮಸಿ ಹಿಂದಿನ ಸೀಟಿನಲ್ಲಿ ನಾಲಿಗೆ ಚಾಚಿ ಬಿದ್ದಿತ್ತು, ಬೆಲ್ಟು ಬಿಚ್ಚಿರಲಿಲ್ಲ. ಸ್ಟೀರಿಂಗಿನ ನಡುವೆ ಎರಡು ಒದ್ದೆ ಪಂಜದ ಗುರುತು. ನಾನು ನೋಡುತ್ತಿದ್ದಂತೆಯೇ ಆರಿಹೋದವು. ಬೆಳಿಗ್ಗೆಯಷ್ಟೇ ಝಾಡಿಸಿದ್ದ ನನ್ನ ಸೀಟಿನ ಮೇಲೆ ಬಿಳಿಯ ಕೂದಲು.

ಮೈಗೆಲ್ಲ ನೀರು ಸುರಿದು ಆಸ್ಪತ್ರೆಗೆ ಓಡಿಸಿದೆ. "ಇನ್ನೈದು ನಿಮಿಷ ಆಗಿದ್ರೆ ಉಳೀತಿರ್ಲಿಲ್ಲ. ಮುಚ್ಚಿದ ಕಾರು ಅಂದ್ರೆ ಒಲೆ ಕಣ್ರೀ," ಎಂದು ಪಶುವೈದ್ಯೆ ಬೈದರು. ಬೈಸಿಕೊಂಡೆ. ಮಸಿ ಸಂಜೆಗೆ ಬಾಲ ಅಲ್ಲಾಡಿಸಿತು.

ಆಮೇಲೆ ನಿಮಗೆ ಫೋನ್ ಮಾಡಿ ಎಲ್ಲ ಹೇಳಿ, ನಿಮ್ಮ ಹತ್ತಿರ ಬಿಳಿ ನಾಯಿ ಇತ್ತೇ ಎಂದು ಕೇಳಿದೆ. ಇತ್ತು ಎಂದು ಹೇಳಿ ನೀವು, "ಹಾರ್ನ್ ಎಷ್ಟು ಸಲ ಆಯ್ತು?" ಎಂದಿರಿ. ಮೂರು ಎಂದೆ. "ಅದನ್ನ ಕಾರಲ್ಲೇ ಬಿಟ್ಟು ಹೋದ ದಿನ ಔಷಧಿ ಅಂಗಡಿ ಒಳಗೆ ನನಗೂ ಮೂರು ಸಲ ಕೇಳಿಸ್ತು. ಯಾರದೋ ಗಾಡಿ ಅಂದ್ಕೊಂಡು ಕ್ಯೂನಲ್ಲೇ ನಿಂತಿದ್ದೆ. ಬರೋ ಹೊತ್ತಿಗೆ ಅದರ ಜೀವ ಹೋಗಿತ್ತು."

ಅಲ್ಲಿಗೇ ನಾನು ಫೋನ್ ಇಟ್ಟುಬಿಟ್ಟೆ, ಟೀಚರಮ್ಮ. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ನಾನೂ ಎರಡು ಸಲ ಕೇಳಿ ಸುಮ್ಮನೆ ಕೂತಿದ್ದವನೇ. ಒಂದು ಮಾತ್ರ ಗೊತ್ತು: ಮಂಗಳವಾರ ನಿಮ್ಮ ನಾಯಿ ಕೂಗಿದ್ದು ಸಿಟ್ಟಿನ ಕೂಗಲ್ಲ.

ಅದರ ಹೆಸರೇನು ಎಂದು ಕೇಳುವುದೇ ಮರೆತೆ. ದಯವಿಟ್ಟು ಬರೆದು ತಿಳಿಸಿ. ಕಾರಿನ ಬಾಗಿಲು ತೆಗೆದು ಮಸಿಯದೊಂದೇ ಹೆಸರು ಕರೆಯುವುದಕ್ಕೆ ಈಗ ನನಗೆ ನಾಲಿಗೆ ಏಳುವುದಿಲ್ಲ.

ನಿಮಗೆ ಇನ್ನಾದರೂ ನಿದ್ದೆ ಹತ್ತಲಿ.

ಇಂತಿ,
ನಿಮ್ಮ ಕಾರು ಕೊಂಡ ಕನ್ನಡಕದವನು