ಮಗಳ ಮೊದಲ ಪ್ರಸಂಗ

ಜೂನ್ ೯, ಭಾನುವಾರ

ಇವತ್ತು ಚರ್ಚಿನಲ್ಲಿ ನನ್ನ ಬದಲು ಮಗಳು ಪ್ರಸಂಗ ಮಾಡಿದಳು. ಮೊದಲ ಸಲ. ಚೆನ್ನಾಗಿತ್ತು. ಅದೇ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನು ಬಾಯಿ ತೆರೆದರೆ ತೂಕಡಿಸುವ ದರ್ಜಿಯ ವಿಧವೆ ಇವತ್ತು ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಹೊರಡುವಾಗ ನಾನು ಚಾಚಿದ ಕೈಯನ್ನು ದಾಟಿ ಹೋಗಿ ಮಗಳ ಕೈ ಹಿಡಿದಳು. "ದೇವರು ಇವತ್ತು ನನ್ನ ಹತ್ರಾನೇ ಮಾತಾಡ್ದಂಗಾಯ್ತು ಕಣಮ್ಮ."

ಊಟಕ್ಕೆ ಕೂತಾಗ ಮಗಳು ಕೇಳಿದಳು, "ಹೇಗಿತ್ತಪ್ಪಾ?"

ಹೊಸ ಬೋಧಕರಿಗೆ ಪಾಠ ಮಾಡುವವನು ನಾನೇ: ಮೊದಲು ಒಳ್ಳೆಯದನ್ನು ಹೇಳಿ, ಆಮೇಲೆ ತಿದ್ದಿ. ಇವತ್ತು ನೇರ ತಿದ್ದುವುದಕ್ಕೇ ಇಳಿದೆ. ದನಿ ಕೀರಲು. ಬೈಬಲ್ ವಚನಕ್ಕಿಂತ ಕಥೆ ಜಾಸ್ತಿ. ಜನರನ್ನು ಅಳಿಸುವುದು ಬೋಧನೆಯಲ್ಲ, ನಾಟಕ.

"ಸಾಕು ಬಿಡ್ರೀ," ಅಂದಳು ಹೆಂಡತಿ.

ಬಿಡಲಿಲ್ಲ. "ಆ ಹೆಂಗಸು ಅತ್ತಿದ್ದು ಸತ್ತ ಗಂಡನ್ನ ನೆನೆಸ್ಕೊಂಡು. ನಿನ್ನ ಮಾತಿಗಲ್ಲ."

ಮಗಳು ತಟ್ಟೆ ಸರಿಸಿದಳು. "ಇನ್ಮೇಲೆ ನಾನು ಪ್ರಸಂಗ ಮಾಡಲ್ಲಪ್ಪ."

"ಒಳ್ಳೇದು," ಅಂದೆ.

ಪಕ್ಕದ ಕೋಣೆಯಲ್ಲಿ ಇನ್ನೂ ಬಿಕ್ಕುತ್ತಿದ್ದಾಳೆ. ಎದ್ದು ಹೋಗಿ ಒಂದು ಮಾತು ಹೇಳಿದರೆ ಸಾಕು, ಗೊತ್ತು. ಏಳುವ ಮನಸ್ಸಿಲ್ಲ. ಮುಂದಿನ ವಾರ ಬೇರೆ ಊರಿನ ಚರ್ಚಿನಲ್ಲಿ ನನ್ನ ಪ್ರಸಂಗವಿದೆ. ಅವಳು ಇವತ್ತು ಹೇಳಿದ್ದನ್ನೇ ಅಲ್ಲಿ ಹೇಳೋಣ ಅಂದುಕೊಂಡಿದ್ದೇನೆ. ಅಲ್ಲಿ ಯಾರೂ ಅವಳನ್ನು ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ.