ನೆಂಟರಿಲ್ಲದ ರಕ್ತ ಎಲ್ಲಿಂದ ತರೋಣ?

ಹೊಟ್ಟೆನೋವಿನ ರಕ್ತಪರೀಕ್ಷಾ ಯೋಜನೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನೀವು ನನ್ನ ಹೆಂಡತಿಯ ರಕ್ತವನ್ನು ಕೈಬಿಟ್ಟಿದ್ದೀರಿ. ಹಾಗಂತ ನಿಮ್ಮ ಕಚೇರಿಯಿಂದ ನನ್ನ ಮೊಬೈಲಿಗೆ ಸಂದೇಶ ಬಂದಿದೆ: 'ಮಾದರಿಯಲ್ಲಿ ಬಾಹ್ಯ ಪದಾರ್ಥಗಳು ವಿಪರೀತ ಬೆರೆತಿರುವ ಕಾರಣ ಅಧ್ಯಯನದಿಂದ ಕೈಬಿಡಲಾಗಿದೆ.' ಅವಳೊಬ್ಬಳದೇ ಆಗಿದ್ದರೆ ನಮ್ಮ ಹಣೆಬರಹ ಎಂದು ಸುಮ್ಮನಿರುತ್ತಿದ್ದೆ. ಆದರೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಿಂದ ಬಂದ ರಕ್ತವೆಲ್ಲ ಹೀಗೇ ಕಲಬೆರಕೆ ಎಂದು, ಯೋಜನೆಯನ್ನೇ ಇಲ್ಲಿಂದ ಎತ್ತಿ ಯಾವುದೋ ದೊಡ್ಡ ನಗರಕ್ಕೆ ಒಯ್ಯುತ್ತೀರಂತೆ. ನಾನು ಇಲ್ಲಿನ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ದಲಾಲಿ ಮಾಡಿಕೊಂಡೇ ತಲೆಗೂದಲು ನರೆಸಿಕೊಂಡವನು. ಕಲಬೆರಕೆ ಎಂಬ ಮಾತನ್ನು ನನ್ನ ಅಂಗಡಿಯ ಬಗ್ಗೆ ಇದುವರೆಗೆ ಯಾರೂ ಆಡಿಲ್ಲ. ಈಗ ಮನೆಯವಳ ರಕ್ತದ ಬಗ್ಗೆ ಒಂದು ಕಚೇರಿಯೇ ಆಡಿದರೆ ಹೇಗೆ ಸ್ವಾಮಿ ತಡೆದುಕೊಳ್ಳುವುದು?

ನಿಮ್ಮ ಕಚೇರಿಯಲ್ಲಿ ಈ ಪತ್ರ ಓದುವವರಿಗೆಲ್ಲ ತಿಳಿಯಲಿ ಎಂದು ನಿಮ್ಮ ಯೋಜನೆಯನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಆಸ್ಪತ್ರೆಯ ಗೋಡೆಗೆ ನೀವೇ ಅಂಟಿಸಿದ್ದನ್ನು ನಿಂತು ಓದಿದ್ದೇನೆ. ದಿಢೀರನೆ ಬರುವ ಹೊಟ್ಟೆನೋವಿಗೆ ನೂರೆಂಟು ಕಾರಣ. ಅಪೆಂಡಿಕ್ಸೋ, ಪಿತ್ತಕೋಶದ ಕಲ್ಲೋ, ಮೇದೋಜೀರಕ ಗ್ರಂಥಿ ಊದಿದೆಯೋ, ಬರೀ ಗ್ಯಾಸೋ, ಹೊರಗಿನಿಂದ ಒತ್ತಿ ನೋಡಿ ಹೇಳುವುದು ಎಷ್ಟೋ ಸಲ ಡಾಕ್ಟರಿಗೂ ಕಷ್ಟ. ನಮ್ಮ ದೇಹ ತನ್ನ ಕೆಲಸ ಮಾಡುತ್ತಾ ರಕ್ತಕ್ಕೆ ಬಿಡುವ ಸಣ್ಣ ಸಣ್ಣ ರಾಸಾಯನಿಕಗಳಿವೆ, ಮೆಟಬೊಲೈಟ್ ಎಂದು ಅವುಗಳ ಹೆಸರು. ಕಾಯಿಲೆ ಬಂದಾಗ ಇವುಗಳಲ್ಲಿ ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ನೂರಾರು ರಾಸಾಯನಿಕಗಳನ್ನು ಒಟ್ಟಿಗೆ ಅಳೆದು ಆ ಏರಿಳಿತ ನೋಡಿದರೆ, ನೋವಿನ ಮೂಲ ಯಾವುದಿರಬಹುದು ಎಂದು ಡಾಕ್ಟರಿಗೆ ಒಂದು ಸುಳಿವು ಸಿಕ್ಕೀತು ಎಂಬುದು ನಿಮ್ಮ ಆಶಯ. ಒಳ್ಳೆಯ ಆಶಯ. ಇಲ್ಲಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು, ನಿಮ್ಮ ಯಂತ್ರ ಇರುವ ಊರಿಗೆ ಕಳಿಸುವ ಏರ್ಪಾಡೂ ಆಗಿತ್ತು.

ನನ್ನ ಹೆಂಡತಿ ಗಂಗಾಶ್ರೀಗೆ ವರ್ಷದಿಂದ ಈ ಹೊಟ್ಟೆನೋವು ಬಂದು ಬಂದು ಹೋಗುತ್ತಿದೆ. ಬಂದಾಗ ಮಂಡಿಯನ್ನು ಎದೆಗೆ ಒತ್ತಿಕೊಂಡು ಮುದ್ದೆಯಾಗಿ ಮಲಗುತ್ತಾಳೆ, ತುಟಿ ಬಿಚ್ಚುವುದಿಲ್ಲ. ಮಿಕ್ಕ ದಿನಗಳಲ್ಲಿ ಅವಳ ಮಾತಿಗೆ ಅಲ್ಪವಿರಾಮವೂ ಇಲ್ಲ. ಹಾಗಾಗಿ ಅವಳು ಸುಮ್ಮನಾದರೆ ನನಗೆ ಕೈಕಾಲು ಆಡುವುದಿಲ್ಲ. ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಗ್ಯಾಸ್ ಅಡ್ಡ ಬಂದು ಸರಿಯಾಗಿ ಕಾಣಲಿಲ್ಲ ಎಂದರು. ನಮ್ಮ ಡಾಕ್ಟರು ಕನ್ನಡಕ ತೆಗೆದಿಟ್ಟು, "ಹೀಗೇ ಬರ್ತಿದ್ರೆ ತೆರೆದೇ ನೋಡ್ಬೇಕಾಗ್ತದೆ," ಅಂದರು. ಹೊರಗೆ ಬಂದ ಮೇಲೆ ಗಂಗಾಶ್ರೀ, "ತೆರೆದು ನೋಡಾಕೆ ನನ್ನ ಹೊಟ್ಟೆ ಏನು ಟ್ರಂಕಾ?" ಎಂದಳು. ತೆರೆಯದೆ ತಿಳಿಯುವ ದಾರಿಯೆಂದು ನಾವು ನಂಬಿದ್ದು ನಿಮ್ಮ ಪರೀಕ್ಷೆಯೊಂದನ್ನೇ.

ಇನ್ನು ಆ ದಿನದ ಕಥೆ. ಸೊರಬದ ಕಡೆಯ ಜಡೆ ಎಂಬ ಊರಿನಲ್ಲಿ ಅವಳ ದೊಡ್ಡಮ್ಮ ಲೋಕಮ್ಮನವರ ಮನೆಯಲ್ಲಿ ನಾಮಕರಣವಿತ್ತು, ಹಿಂದಿನ ದಿನವೇ ಹೋಗಿದ್ದೆವು. ಬೆಳಗ್ಗೆ ಎದ್ದು ಮುಖ ತೊಳೆಯುವಾಗಲೇ ನೋವು ಬಂತು. ಮಾನ್ಯರೇ, ನಮ್ಮ ಕಡೆ ಹೊಟ್ಟೆನೋವು ಒಬ್ಬರ ಸ್ವಂತ ವಿಷಯವಲ್ಲ. ಸುದ್ದಿ ತಿಳಿದವರು ಬರಿಗೈಯಲ್ಲಿ ಬರುವುದಿಲ್ಲ, ಕೈಯಲ್ಲೊಂದು ಲೋಟ ಇರುತ್ತದೆ. ಲೋಟದ ಜೊತೆಗೊಂದು ರೋಗನಿರ್ಣಯವೂ ಇರುತ್ತದೆ. ಕುಡಿಯಲ್ಲ ಎಂದರೆ ಆ ಮನೆಯನ್ನೇ ಬೇಡವೆಂದ ಹಾಗೆ.

ಮೊದಲು ಬಂದದ್ದು ಲೋಕಮ್ಮನವರ ಓಂಕಾಳಿನ ನೀರು. "ವಾಯು ಕಣೇ ಇದು. ಬಾಯ್ಮುಚ್ಕೊಂಡು ಕುಡಿ," ಎಂದರು. ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆಂದು ಕೇಳುವ ತ್ರಾಣ ಗಂಗಾಶ್ರೀಗೆ ಇರಲಿಲ್ಲ. ಆಮೇಲೆ ಪಕ್ಕದ ಮನೆಯ ಕೆಂಪಪ್ಪ ಬಂದು, "ಹೊಕ್ಕುಳ ಬಟ್ಟಿ ಜಾರಿದೆ ಮಾರಾಯ್ರೇ, ನೋಡಿದ್ರೆ ಗೊತ್ತಾಗಲ್ವಾ?" ಎಂದು, ಹೊಕ್ಕುಳ ಸುತ್ತ ತಿಕ್ಕಲು ಹರಳೆಣ್ಣೆ ಕೊಟ್ಟ. ಹೊರಗೆ ತಿಕ್ಕಿದ್ದು ಒಳಗೆ ಮುಟ್ಟುವುದು ತಡವಾದೀತೆಂದು ಒಂದು ಚಮಚ ಬಾಯಿಗೂ ಹಾಕಿಸಿದ. ಎದುರು ಮನೆಯವರು ಉಷ್ಣವೆಂದು ಇಂಗು ಹಾಕಿದ ಮಜ್ಜಿಗೆ ತಂದರು. ಅವರ ಓರಗಿತ್ತಿ ಶೀತವೆಂದು ಕಾಳುಮೆಣಸಿನ ಕಷಾಯ ತಂದಳು. ಒಂದೇ ಹೊಟ್ಟೆಯಲ್ಲಿ ಒಂದೇ ಹೊತ್ತಿಗೆ ಉಷ್ಣವೂ ಶೀತವೂ ಹೇಗಿರಲು ಸಾಧ್ಯ? ಕೇಳುವ ಧೈರ್ಯ ನನಗಿರಲಿಲ್ಲ, ನಾನು ಆ ಊರ ಅಳಿಯ. ಹೊರಡುವ ಮೊದಲು ಯಾರೋ ಒಂದು ನಿಂಬೆಸೋಡಾ ಕೂಡ ಕುಡಿಸಿದರು.

ಲೋಕಮ್ಮನವರ ಮಗ ಸುರೇಂದ್ರ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಲೋಕಮ್ಮ. ತೊಗರ್ಸಿ ಹತ್ತಿರ ಬಂದರೆ ನಡುರಸ್ತೆಯಲ್ಲಿ ನನ್ನ ಸೋದರತ್ತೆ ಬಸವಣ್ಣೆಮ್ಮ, ಕೈಯಲ್ಲಿ ಸ್ಟೀಲ್ ಲೋಟ! ಅವರಿಗೆ ಫೋನ್ ಮಾಡಿದವರು ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. "ಏನೋ ಪರ್ಮ, ನಮ್ಮೂರ ಮುಂದೆ ಹಂಗ ಹಾಯ್ದು ಹೊಂಟೀಯಲ್ಲ, ನಾನೇನು ಸತ್ತೀನೇನು?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಅದು ಅಮೃತಬಳ್ಳಿಯ ಕಷಾಯ. ನಾನೂ ಲೋಕಮ್ಮನವರೂ ಅತ್ತೆಯನ್ನು ಸಮಾಧಾನ ಮಾಡುವಷ್ಟರಲ್ಲಿ ಗಂಗಾಶ್ರೀ ಖಾಲಿ ಲೋಟ ವಾಪಸು ಕೊಟ್ಟಳು. ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ನಿಮ್ಮ ಯೋಜನೆಗೆ ರಕ್ತ ತೆಗೆಯುತ್ತಿದ್ದ ಯಶೋಧರಾ ಎಂಬ ಹುಡುಗಿ ನನ್ನ ಹೆಂಡತಿಯನ್ನು ಕೇಳಿದಳು: "ಬೆಳಗ್ಗೆಯಿಂದ ಏನಾದ್ರೂ ತಗೊಂಡಿದ್ದೀರಾ?" ಹೆಂಡತಿ ಬಾಯಿ ತೆರೆಯುವ ಮೊದಲೇ ನಾವು ಮೂವರೂ, "ಒಂದು ತುತ್ತೂ ಇಲ್ಲಮ್ಮಾ, ಪೂರ್ತಿ ಉಪವಾಸ!" ಎಂದೆವು. ಲೋಕಮ್ಮನವರಂತೂ ಹೇಳುತ್ತಾ ಕಣ್ಣೀರು ಹಾಕಿದರು. ನಾವು ಸುಳ್ಳು ಹೇಳಲಿಲ್ಲ, ದಯವಿಟ್ಟು ನಂಬಿ. ಅನ್ನವೋ ರೊಟ್ಟಿಯೋ ಒಳಗೆ ಹೋದರೆ ಮಾತ್ರ ನಮ್ಮಲ್ಲಿ ಹೊಟ್ಟೆಗೆ ಹಾಕಿಕೊಂಡ ಲೆಕ್ಕ. ಒಂದು ಸೇರು ಮಂಡಕ್ಕಿ ಮುಕ್ಕಿದವನೂ ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂದೇ ಹೇಳುತ್ತಾನೆ. ಹಾಗಿರುವಾಗ ನೆಂಟರು ಅಕ್ಕರೆಯಿಂದ ಕುಡಿಸಿದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಹರಳೆಣ್ಣೆಯ ವಿಷಯ ಆಮೇಲೆ ಡಾಕ್ಟರ ಕಿವಿಗೆ ಬಿತ್ತು. "ಅಪೆಂಡಿಕ್ಸ್ ಆಗಿ, ಇದ್ರಿಂದ ಒಡೆದಿದ್ರೆ ಏನ್ರೀ ಗತಿ?" ಎಂದು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ನಿಮ್ಮ ಸಂದೇಶ ಬಂದಾಗ ನಾನು ಯಶೋಧರಾಗೆ ಫೋನ್ ಮಾಡಿದೆ. ಪಾಪ, ಸಂಕೋಚದಿಂದಲೇ ಹೇಳಿದಳು. "ಸಾರ್, ನಿಮ್ಮ ಮನೆಯವ್ರ ರಕ್ತದಾಗೆ ಓಂಕಾಳಿನ ಗುರುತು ಸಿಕ್ಕಾಪಟ್ಟೆ ಐತಂತೆ. ಮೆಣಸು, ಹರಳೆಣ್ಣೆ, ಇಂಗು, ನಿಂಬೆ ಎಲ್ಲಾ ಕಾಣ್ತಾವಂತೆ. ಇಷ್ಟರ ನಡುವೆ ಕಾಯಿಲೆ ಹುಡುಕೋದು ಹೆಂಗೆ ಅಂತ ಅಲ್ಲಿಯವ್ರು ಕೇಳ್ತಿದಾರೆ." ಈ ವಿಷಯ ಜಡೆಗೆ ತಲುಪಿದ್ದೇ ತಡ, ಲೋಕಮ್ಮನವರ ಫೋನ್ ಬಂತು: "ನಂದೇ ಜಾಸ್ತಿ ಬಂದದಂತಲ್ಲ?" ಕೆಂಪಪ್ಪ ತನ್ನ ಹರಳೆಣ್ಣೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ವಿಚಾರಿಸಿದ. ತೊಗರ್ಸಿಯ ಅತ್ತೆ ಮಾತ್ರ ಕೆಂಡವಾದರು. ಅಮೃತಬಳ್ಳಿಯ ಹೆಸರೇ ಇರಲಿಲ್ಲ. "ನಾನು ಕೊಟ್ಟಿದ್ದು ರಕ್ತಕ್ಕೇ ಸೇರಿಲ್ವಾ? ಆ ಮಿಷನ್ನಿಗೆ ಏನೋ ಆಗೈತಿ, ರಿಪೇರಿ ಮಾಡ್ಸಾಕೆ ಹೇಳೋ," ಎಂದರು.

ನನಗೂ ಅನುಮಾನ ಬಂದು ಹೆಂಡತಿಯನ್ನು ಕೇಳಿದೆ. ಅವಳು ಮುಖ ಆ ಕಡೆ ತಿರುಗಿಸಿದಳು. "ವಿಷದಂಥ ಕಹಿ ಕಣ್ರೀ. ನೀವು ಅತ್ತೆ ಹತ್ರ ಬೈಸ್ಕೊಂತಿದ್ರಲ್ಲ, ಆವಾಗ ಈ ಕಡೆ ಕಿಟಕಿಯಿಂದ ಚೆಲ್ಲಿಬಿಟ್ಟೆ," ಎಂದಳು. (ಈ ಪತ್ರ ತೊಗರ್ಸಿಯವರೆಗೆ ಹೋಗುವುದಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ.)

ಗೊತ್ತಾಯಿತೇ ಮಾನ್ಯರೇ? ಕಾರಿನಲ್ಲಿದ್ದ ನಾವು ಯಾರೂ ಕಂಡುಹಿಡಿಯದ್ದನ್ನು, ಅಷ್ಟು ದೂರದಲ್ಲಿ ಕುಳಿತ ನಿಮ್ಮ ಯಂತ್ರ ಒಂದು ಹನಿ ರಕ್ತ ನೋಡಿ ಕಂಡುಹಿಡಿದಿದೆ! ಕುಡಿದದ್ದನ್ನು ಕುಡಿದಳು ಎಂದಿದೆ, ಚೆಲ್ಲಿದ್ದನ್ನು ಇಲ್ಲ ಎಂದಿದೆ. ಇಷ್ಟು ಸತ್ಯವಂತ ಸಾಕ್ಷಿ ನಮ್ಮ ಎರಡೂ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ಓಂಕಾಳು ಇಷ್ಟು ಸ್ಪಷ್ಟವಾಗಿ ಕಾಣುವುದಾದರೆ, ಓಂಕಾಳನ್ನು ಬದಿಗಿಟ್ಟು ಉಳಿದದ್ದನ್ನು ನೋಡಲು ನಿಮಗೇನು ಅಡ್ಡಿ? ಮಳೆಗೆ ಸಿಕ್ಕ ಮೆಕ್ಕೆಜೋಳ ಮಾರುಕಟ್ಟೆಗೆ ಬಂದರೆ ನಾವು ಚೀಲವನ್ನು ಚರಂಡಿಗೆ ಸುರಿಯುವುದಿಲ್ಲ. ತೇವ ಎಷ್ಟಿದೆ ಎಂದು ಅಳೆದು, ಅಷ್ಟನ್ನು ಕಳೆದು, ಉಳಿದ ಕಾಳಿಗೆ ಬೆಲೆ ಕಟ್ಟುತ್ತೇವೆ. ಒಬ್ಬ ದಲಾಲಿಗೆ ಹೊಳೆದದ್ದು ಇಷ್ಟು ಓದಿದ ನಿಮಗೆ ಹೊಳೆಯದೇ ಇರುತ್ತದೆಯೇ? ಅದು ಜೋಳದಷ್ಟು ಸಲೀಸಲ್ಲ ಎನ್ನುವುದಾದರೆ, ನಮ್ಮವರು ಕುಡಿಸುವ ಹತ್ತಾರು ಕಷಾಯಗಳನ್ನೇ ಒಂದಿಷ್ಟು ಗಟ್ಟಿ ಹೊಟ್ಟೆಯವರಿಗೆ ಕುಡಿಸಿ, ಅವರ ರಕ್ತ ಹೇಗಿರುತ್ತದೆಂದು ಯಂತ್ರಕ್ಕೆ ಮೊದಲು ಕಲಿಸಿ. ಕುಡಿಯಲು ನಾನಿದ್ದೇನೆ. ಅಮೃತಬಳ್ಳಿಯೊಂದು ಬೇಡ.

ಇನ್ನೂ ಒಂದು ಮಾತು. ಶುದ್ಧ ರಕ್ತ ಬೇಕೆಂದು ನಗರಕ್ಕೆ ಹೋಗುತ್ತೀರಲ್ಲ, ಅಂಥ ರಕ್ತ ಯಾರಿಗಿರುತ್ತದೆ ಎಂದು ಯೋಚಿಸಿದ್ದೀರಾ? ಹೊಟ್ಟೆನೋವು ಬಂದರೂ ಯಾರೂ ಬಾಗಿಲು ತಟ್ಟದವರಿಗೆ. ಅಂಥವರ ನೋವನ್ನಷ್ಟೇ ಕಲಿತ ಯಂತ್ರವನ್ನು ನಾಳೆ ನಮ್ಮೂರಿಗೆ ತಂದರೆ ಅದಕ್ಕೆ ನಾವು ಅರ್ಥವಾಗುತ್ತೇವೆಯೇ? ಇಲ್ಲಿ ನೆಂಟರಿಲ್ಲದ ರೋಗಿಯನ್ನು ನಾನು ಕಂಡಿಲ್ಲ. ನಮ್ಮ ಮಾರುಕಟ್ಟೆಯ ಶಿವಶಂಕರ ದಾಯಾದಿಗಳೆಲ್ಲರ ಮೇಲೆ ಕೇಸು ಹಾಕಿಕೊಂಡು ಕೂತಿದ್ದಾನೆ. ಅವನಿಗೆ ಹೊಟ್ಟೆನೋವು ಬಂದಾಗ ಜೀರಿಗೆ ಕಷಾಯ ತಂದವನು ಪ್ರತಿವಾದಿಯೇ. ಕುಡಿಸಿ, ಲೋಟ ತೊಳೆದುಕೊಂಡು, ಮರುದಿನ ಕೋರ್ಟಿಗೆ ಹೋಗಿ ಅವನ ವಿರುದ್ಧ ಸಾಕ್ಷಿ ಹೇಳಿದ.

ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟೆ. ಕಳೆದ ಸೋಮವಾರ ಬೆಳಗ್ಗೆ ಗಂಗಾಶ್ರೀಗೆ ನೋವು ಮತ್ತೆ ಬಂತು. ಗೇಟಿಗೆ ಬೀಗ ಹಾಕಿದೆ, ಎರಡೂ ಫೋನ್ ಆಫ್ ಮಾಡಿದೆ, ಜಡೆಗೂ ಹೇಳಲಿಲ್ಲ, ತೊಗರ್ಸಿಗೂ ಹೇಳಲಿಲ್ಲ. ನೀರಿನ ಹನಿಯೂ ಇಲ್ಲದೆ, ನೀವು ಹಂಬಲಿಸುವ ಶುದ್ಧ ರಕ್ತವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಿಮ್ಮ ಮೇಜು ಅಲ್ಲಿರಲಿಲ್ಲ. ಯಶೋಧರಾಳ ಕುರ್ಚಿಯ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿತ್ತು. ಹೆಂಡತಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, "ಇಷ್ಟು ಶುದ್ಧ ಆಗಿ ಬಂದೀನಲ್ರೀ, ಈಗ ಯಾರಿಗೆ ಕೊಡೋದು?" ಎಂದಳು. ನನಗೆ ಅಲ್ಲೇ ಅಳು ಬಂತು ಮಾನ್ಯರೇ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಇಂಜೆಕ್ಷನ್ನಿಗೆ ನೋವು ಇಳಿದಿದೆ. ಮುಂದಿನ ವಾರ ತೆರೆದು ನೋಡುವುದೆಂದು ಡಾಕ್ಟರು ದಿನ ಗೊತ್ತು ಮಾಡಿದ್ದಾರೆ. ತಡವಾಗಿ ವಿಷಯ ತಿಳಿದ ಲೋಕಮ್ಮ, "ನಾವು ಅಷ್ಟೂ ಬೇಡವಾದ್ವಾ?" ಎಂದು ಕೇಳಿ ಫೋನಿಟ್ಟವರು ಮತ್ತೆ ಮಾಡಿಲ್ಲ. ಗಂಗಾಶ್ರೀ ಮಾತ್ರ ನಿನ್ನೆ, "ತೆರೆಯೋ ದಿನ ಎಲ್ಲಾರನ್ನೂ ಕರೀರಿ. ವಾಯು ಅಂದೋರು, ಬಟ್ಟಿ ಅಂದೋರು, ಉಷ್ಣ ಅಂದೋರು ಎಲ್ಲಾ ಬಂದು, ಯಾರು ಹೇಳಿದ್ದು ಸರಿ ಅಂತ ಇಣುಕಿ ನೋಡ್ಕೊಂಡು ಹೋಗ್ಲಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಕೈಬಿಟ್ಟ ರಕ್ತವನ್ನು ತೆಗೆದು ಮತ್ತೊಮ್ಮೆ ನೋಡಿ, ಓಂಕಾಳನ್ನು ಕಳೆದು ನೋಡಿ. ನಿಮ್ಮ ಮೇಜನ್ನೂ ಆ ಹುಡುಗಿಯನ್ನೂ ವಾಪಸು ಕಳಿಸಿ. ಏನು ತಿಂದಿರಿ ಎಂದು ರೋಗಿಯನ್ನು ಕೇಳುವ ಬದಲು, ಯಾರು ಯಾರು ಏನೇನು ಕುಡಿಸಿದಿರಿ ಎಂದು ಜೊತೆಯಲ್ಲಿ ಬಂದವರನ್ನು ಕೇಳಲು ಹೇಳಿ. ಹೆಮ್ಮೆಯಿಂದ ಹೇಳುತ್ತಾರೆ. ಮತ್ತು ಇದೆಲ್ಲ ಮುಂದಿನ ವಾರದೊಳಗೆ ಆಗಲಿ.

ಇಂತಿ,
ನಿಮ್ಮನ್ನು ನಂಬಿ ನೆಂಟರನ್ನು ದೂರ ಮಾಡಿಕೊಂಡ,
ಈಗ ಎರಡೂ ಕಡೆಯಿಂದ ಫೋನ್ ಬಾರದೆ ಕೂತಿರುವ,
ಪರಮಶಿವಪ್ಪ
ಮೆಕ್ಕೆಜೋಳದ ದಲಾಲಿ, ಶಿಕಾರಿಪುರ